ಎಸ್ತರಮ್ಮನ ನೆಗಡಿ

ಕಳೆದ ಡಿಸೆಂಬರಿನಿಂದ ನನ್ನ ಗಂಟಲು ಕೆರೆಯುತ್ತಿದೆ. ನೆಗಡಿಯಿಲ್ಲ, ಕೆಮ್ಮಿಲ್ಲ, ಜ್ವರವಂತೂ ಇಲ್ಲವೇ ಇಲ್ಲ. ಕೂತಲ್ಲೇ ಸುಮ್ಮನೆ ಗಂಟಲು ಸರಿಮಾಡಿಕೊಳ್ಳುತ್ತಿರುತ್ತೇನೆ. ಡಾಕ್ಟರಿಗೆ ತೋರಿಸಿದ್ದೂ ಆಯಿತು. ಟಾರ್ಚು ಬಿಟ್ಟು ಒಳಗೆಲ್ಲ ನೋಡಿ, "ಏನೂ ಇಲ್ಲಮ್ಮ, ಇನ್ನು ಬಾಯಿ ಮುಚ್ಚಿ" ಎಂದರು. ಜೊತೆಗೆ ಬಂದಿದ್ದ ನನ್ನ ಗಂಡ ಆ ವೈದ್ಯಕೀಯ ಸಲಹೆಯನ್ನು ಜೋಪಾನವಾಗಿ ಮನೆಗೆ ತಂದು ಇವತ್ತಿಗೂ ಬಳಸುತ್ತಾರೆ.

ಇವತ್ತು ಬೆಳಿಗ್ಗೆ ಗಂಟಲು ಕೆರೆದಾಗ ಹೊಲಿಗೆ ಮಿಷನ್ನಿನ ಡ್ರಾಯರ್ ಎಳೆದು ಹುಡುಕಿದೆ. ಬಾಬಿನ್ನುಗಳ ನಡುವೆ, ಮುರಿದ ಸೂಜಿಗಳ ಪಕ್ಕದಲ್ಲಿ, ಕಾಗದದಲ್ಲಿ ಸುತ್ತಿಟ್ಟ ಒಂದು ತುಂಡು ತಾಟಿಬೆಲ್ಲ, ಅಂದರೆ ತಾಳೆಬೆಲ್ಲ, ಸಿಕ್ಕಿತು. ಕಲ್ಲಿನಂತೆ ಗಟ್ಟಿಯಾಗಿದೆ. ಬಾಯಿಗೆ ಹಾಕಿಕೊಂಡೆ. ನನಗೆ ಇಲ್ಲದ ರೋಗಕ್ಕೆ, ನನಗೆ ಕೊಡದ ಬೆಲ್ಲ. ಯಾರದು, ಯಾಕೆ ಎಂಬುದನ್ನು ನಿಮಗೆ ಹೇಳಿಬಿಡಬೇಕು ಅನ್ನಿಸಿತು. ಬೇರೆ ಯಾರಿಗೂ ಹೇಳುವಂತಿಲ್ಲ.

ನಮ್ಮದು ಆಂಧ್ರದ ಗಡಿಯೂರು ರಾಯದುರ್ಗದಲ್ಲಿ, ಮನೆಗೆ ಅಂಟಿಕೊಂಡೇ ಇರುವ ಆರು ಮಿಷನ್ನಿನ ಸಣ್ಣ ಶೆಡ್ಡು. ಜೀನ್ಸ್ ಪ್ಯಾಂಟು ಹೊಲಿಯುತ್ತೇವೆ. ಹೊಲಿಯುತ್ತೇವೆ ಎನ್ನುವುದೂ ದೊಡ್ಡ ಮಾತೇ. ಒಬ್ಬಳು ಜೇಬು, ಒಬ್ಬಳು ಜಿಪ್ಪು, ಒಬ್ಬಳು ಗುಂಡಿಯ ಕಾಜ, ಇನ್ನೊಬ್ಬಳು ಬೆಲ್ಟಿನ ಲೂಪು. ಪೂರಾ ಪ್ಯಾಂಟು ನಾನೇ ಹೊಲಿದೆ ಎಂದು ಹೇಳಿಕೊಳ್ಳುವವರು ಇಲ್ಲಿ ಯಾರೂ ಇಲ್ಲ. ಕಟಿಂಗ್ ಮಾಸ್ಟರ್ ಚಾಕ್‌ಪೀಸಿನಲ್ಲಿ ಗೆರೆ ಎಳೆದ ಕಡೆ ಸೂಜಿ ಓಡಿಸುವುದಷ್ಟೇ ನಮ್ಮ ಕೆಲಸ. ಗೆರೆ ಇಲ್ಲೇಕೆ, ಅಲ್ಲೇಕಿಲ್ಲ ಎಂದು ಕೇಳುವ ಅಭ್ಯಾಸ ನಮ್ಮ ಕೈಗೆ ಇಲ್ಲ. ಕಡೆಗೆ ಯಾವುದೋ ಊರಿನ ಯಾವುದೋ ಹೆಸರಿನ ಚೀಟಿ ಅದರ ಬೆನ್ನಿಗೆ ಬೀಳುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಹುಟ್ಟಿದ್ದು ಮಡಕಶಿರಾ ಆಚೆಯ ಅಗಳಿಯಲ್ಲಿ. ಕನ್ನಡ ಮೀಡಿಯಂ. ನನ್ನ ಬಾಲ್ಯದ ಕೀರ್ತಿಯೆಲ್ಲ ನನ್ನ ದನಿಯಿಂದ ಬಂದದ್ದು. ಅವ್ವ ಶೇಂಗಾ ಸುಲಿಯುತ್ತ ಕೂತಿದ್ದರೆ, ಅಂಗಡಿಯಿಂದ ಬೇಳೆ ಕಟ್ಟಿಸಿಕೊಂಡು ಬಂದ ಕಾಗದವನ್ನು ಬಿಡಿಸಿ ನಾನು ಜೋರಾಗಿ ಓದುತ್ತಿದ್ದೆ. ಅರ್ಧ ಹರಿದ ಸುದ್ದಿ. ಕಳ್ಳ ಸಿಕ್ಕನೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ, ಆದರೂ ಪಕ್ಕದ ಮನೆಯವರು ಕೆಲಸ ಬಿಟ್ಟು ಕೇಳುತ್ತಿದ್ದರು. ಶಾಲೆಯ ಪ್ರಾರ್ಥನೆಯಲ್ಲಿ ಸುದ್ದಿ ಓದುವವಳು ನಾನೇ. "ಈ ಹುಡುಗಿ ರೇಡಿಯೋದಾಗೆ ಮಾತಾಡ್ತಾಳೆ ನೋಡ್ತಿರಿ" ಎಂದು ಹೆಡ್‌ಮಾಸ್ಟರು ಎಲ್ಲರ ಮುಂದೆ ಹೇಳಿದ್ದರು.

ಅದೇ ಹೆಡ್‌ಮಾಸ್ಟರು, ಅದೇ ಪ್ರಾರ್ಥನೆಯಲ್ಲಿ, ಸುದ್ದಿಗೆ ಮೊದಲು ಹಾಡು ಶುರುವಾದಾಗ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ್ದು ಬೇರೆ. "ರಂಗಲಕ್ಷ್ಮೀ, ನೀನು ಬರೀ ಬಾಯಿ ಆಡ್ಸಮ್ಮ, ಸಾಕು." ಐದು ವರ್ಷ ಬಾಯಿ ಆಡಿಸಿದೆ. ನನಗೆ ಹಾಡಲು ಬರುವುದಿಲ್ಲ. ಮಾತಾಡಿದರೆ ಕೇಳುವಂತಿರುವ ಗಂಟಲು ರಾಗ ಎತ್ತಿದ ಕೂಡಲೇ ಎಣ್ಣೆ ಕಾಣದ ಬಾವಿಯ ಗಿರಕಿಯ ಹಾಗಾಗುತ್ತದೆ. ಮದುವೆಯಾಗಿ ರಾಯದುರ್ಗಕ್ಕೆ ಬಂದ ಮೇಲೆ ಶ್ರಾವಣದ ಭಜನೆಗೆ ಉತ್ಸಾಹದಿಂದ ಹೋದೆ. ಮೊದಲ ವಾರ ಹಾಡಿದೆ. ಎರಡನೆಯ ವಾರ ನನ್ನ ಕೈಗೆ ತಾಳ ಕೊಟ್ಟರು. ಮೂರನೆಯ ವಾರ ತಾಳವನ್ನೂ ಇಸಿದುಕೊಂಡು, "ಅಕ್ಕಾರ, ಪ್ರಸಾದ ಕೊಡ್ತಾರಂತ ಮೈಕಿನಾಗ ನೀವ ಹೇಳ್ರಿ, ನಿಮ್ಮ ಮಾತು ಭಾಳ ಚಂದ" ಎಂದರು. ಹೇಳಿದೆ. ಆ ವರ್ಷ ಪ್ರಸಾದಕ್ಕೆ ನೂಕುನುಗ್ಗಲು.

ಇಂಥವಳ ಮನೆಗೆ ಎಸ್ತರ್ ಬಂದಳು.

ಬಂದ ದಿನ ನಾನು ಒಳಗೆ ಅಡಿಗೆ ಮಾಡುತ್ತಿದ್ದೆ. ಹೊರಗಿನಿಂದ, "ಅಕ್ಕಾ, ಕೆಲ್ಸ ಐತೇನ್ರಿ?" ಎಂಬ ದನಿ ಬಂತು. ಲಾರಿಯವರು ಬಟ್ಟೆಯ ತಾನುಗಳನ್ನು ಇಳಿಸಲು ಬಂದಿದ್ದಾರೆಂದುಕೊಂಡು, "ಅಲ್ಲೇ ಗೋಡೆ ಪಕ್ಕ ಇಳಿಸಪ್ಪ" ಎಂದೆ. ಅದೇ ದನಿ, "ಏನ್ ಇಳಿಸ್ಲ್ರಿ? ನನ್ನತ್ರ ಟಿಫಿನ್ ಡಬ್ಬಿ ಬಿಟ್ರ ಏನಿಲ್ಲ" ಎಂದಿತು. ಬಂದು ನೋಡಿದರೆ ಸಣ್ಣಗೆ, ತೆಳ್ಳಗೆ, ಎರಡು ಮಕ್ಕಳ ತಾಯಿ. ಕಾಜ ಹಾಕಲು ಬರುತ್ತದೆಂದಳು. ದನಿಯಲ್ಲಿ ಮರಳು ತುಂಬಿದಂತಿತ್ತು. ಫೋನು ಮಾಡಿದರೆ ಎಲ್ಲರೂ ಆಕೆಯನ್ನು "ಹೇಳಣ್ಣಾ" ಎನ್ನುತ್ತಿದ್ದರು. ಅಯ್ಯೋ ಪಾಪ ಅನ್ನಿಸಿತು. ಸುಳ್ಳೇಕೆ ಹೇಳಲಿ, ಸ್ವಲ್ಪ ಹಿತವೂ ಆಯಿತು. ಪಕ್ಕದಲ್ಲಿ ಇಂಥ ದನಿಯೊಂದಿದ್ದರೆ ನನ್ನದು ಇನ್ನೂ ಚೆನ್ನಾಗಿ ಕೇಳಿಸೀತು ಎಂದು ಕೆಲಸ ಕೊಟ್ಟೆ.

ಹತ್ತು ದಿನ ಆಗಿರಬೇಕು. ಮಧ್ಯಾಹ್ನ ಆರೂ ಮಿಷನ್ನು ಓಡುತ್ತಿದ್ದವು. ಜೀನ್ಸ್ ಬಟ್ಟೆಯ ಮೇಲೆ ಆರು ಮಿಷನ್ನು ಓಡಿದರೆ ಪಕ್ಕದವರು ಕಿರುಚಿದರೂ ಕೇಳಿಸುವುದಿಲ್ಲ. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಆರೂ ಒಟ್ಟಿಗೆ ನಿಂತವು. ಒಂದು ಮಾತ್ರ ನಿಲ್ಲಲಿಲ್ಲ. ಒಂದು ಹಾಡು. ಮಿಷನ್ನಿನ ಸದ್ದಿನ ಅಡಿಯಲ್ಲಿ ಯಾವಾಗಿನಿಂದಲೋ ನಡೆಯುತ್ತಿದ್ದ ಹಾಡು ಸದ್ದು ಸರಿದ ಮೇಲೆ ಒಂಟಿಯಾಗಿ ಸಿಕ್ಕಿಬಿದ್ದಿತ್ತು. ಕಂಬಳಿ ಹೊದ್ದ ಕುರಿಗಾಹಿಗಳು ಚಳಿಯಲ್ಲಿ ಮಗುವನ್ನು ನೋಡಲು ಹೊರಟ ಕ್ರಿಸ್‌ಮಸ್ ಹಾಡು. ಎಸ್ತರ್ ಕಣ್ಣು ಬಟ್ಟೆಯ ಮೇಲೆ ಇಟ್ಟುಕೊಂಡೇ ಹಾಡುತ್ತಿದ್ದಳು. ಆ ಮರಳು ಎಲ್ಲಿ ಹೋಯಿತೋ, ತಿಳಿ ನೀರಿನಂಥ ಕಂಠ. ಕರೆಂಟು ಹೋದದ್ದು ಗೊತ್ತಾದ ಕೂಡಲೇ ಗಪ್ಪನೆ ನಿಲ್ಲಿಸಿ, "ತಪ್ಪಾತ್ರಿ ಅಕ್ಕಾ" ಎಂದಳು. ಮತ್ತೆ ಅದೇ ಮರಳು.

ಉಳಿದವರೆಲ್ಲ "ಹಾಡೇ, ಇನ್ನೊಂದ್ಸಲ ಹಾಡೇ" ಎಂದು ಗಂಟುಬಿದ್ದರು. ನಾನು ಮಾತ್ರ ಎದ್ದು ಒಳಗೆ ಹೋಗಿ ನೀರು ಕುಡಿದೆ. ಹೊಟ್ಟೆಕಿಚ್ಚು ಎನ್ನುವುದು ಬರೀ ಗಾದೆಯ ಮಾತೆಂದುಕೊಂಡಿದ್ದೆ. ಅಲ್ಲ, ಅದು ನಿಜವಾಗಿ ಹೊಟ್ಟೆಯಲ್ಲೇ ಇರುತ್ತದೆ. ಎರಡು ಚೊಂಬು ನೀರಿಗೂ ಆರಲಿಲ್ಲ. ಆಕೆಗೆ ಎರಡು ದನಿ ಕೊಟ್ಟು ನನಗೆ ಒಂದೇ ಕೊಟ್ಟ ದೇವರ ಲೆಕ್ಕ ಯಾವುದು, ನೀವೇ ಹೇಳಿ. ಆಕೆಯ ಎರಡರಲ್ಲಿ ಒಂದು ಕೆಟ್ಟದ್ದು ಎಂಬ ಸಮಾಧಾನ ಎಷ್ಟು ದಿನಕ್ಕೆ ಬಂದೀತು?

ಅಲ್ಲಿಂದ ಮುಂದೆ ಪ್ರತಿ ಡಿಸೆಂಬರೂ ಆಕೆಯದೇ. ಚರ್ಚಿನವರು ಸಂಜೆ ಹೊತ್ತು ಮನೆಮನೆಗೆ ಹಾಡುತ್ತ ಬಂದರೆ, ನಮ್ಮ ಬೀದಿಯಲ್ಲಿ ಕ್ರಿಸ್‌ಮಸ್ ಮಾಡುವ ಮನೆ ಎರಡೇ ಇದ್ದರೂ ಎಲ್ಲ ಮನೆಯವರೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ನನ್ನ ಗಂಡ ಕೂಡ. ನಾನು ಕರೆದರೆ ಮೂರನೆಯ ಸಲಕ್ಕೆ ಓಗೊಡುವ ಮನುಷ್ಯ, ಆ ಹಾಡು ಬೀದಿಯ ತುದಿಯಲ್ಲಿರುವಾಗಲೇ ಅಂಗಿ ಹಾಕಿಕೊಂಡು ಹೊರಗೆ ನಿಂತಿರುತ್ತಿದ್ದರು.

ಮೂರು ವರ್ಷದ ಹಿಂದೆ ಪಾಸ್ಟರು ಎಸ್ತರಳ ಹಾಡುಗಳನ್ನು ರೆಕಾರ್ಡು ಮಾಡಿಸಿ ಪೆನ್‌ಡ್ರೈವಿಗೆ ಹಾಕಿಸುವುದೆಂದರು. ತೆಲುಗಿನಲ್ಲಿ ಬೇಕಾದಷ್ಟಿವೆ, ಕನ್ನಡದ ಮನೆಗಳಿಗೂ ಇರಲಿ ಎಂದು. ಬಳ್ಳಾರಿಯ ಒಂದು ಸ್ಟುಡಿಯೋ. ಜೊತೆಗೆ ನಾನು ಹೋದೆ. ಯಾಕೆ ಎಂದರೆ, ಎಸ್ತರ್ ಓದಿದ್ದು ತೆಲುಗು ಮೀಡಿಯಂ. ಕನ್ನಡ ಮಾತಾಡುತ್ತಾಳೆ, ಹಾಡುತ್ತಾಳೆ, ಅಕ್ಷರ ಬಾರದು. ಕನ್ನಡದ ಹಾಡುಗಳನ್ನೂ ನೋಟ್‌ಬುಕ್ಕಿನಲ್ಲಿ ತೆಲುಗು ಅಕ್ಷರದಲ್ಲೇ ಬರೆದುಕೊಂಡಿದ್ದಾಳೆ. ಪ್ರತಿ ಹಾಡಿಗೂ ಮೊದಲು ನಾಲ್ಕು ಮಾತು ಇರಬೇಕೆಂದು ಪಾಸ್ಟರಮ್ಮ ಕನ್ನಡದಲ್ಲಿ ಬರೆದುಕೊಟ್ಟಿದ್ದರು. ಅದನ್ನು ಆಕೆಗೆ ಬಾಯಿಪಾಠ ಮಾಡಿಸಲು ನಾನು ಬೇಕಿತ್ತು.

ಹಾಡುಗಳು ಒಂದೇ ಸಲಕ್ಕೆ ಮುಗಿದವು. ಮಾತು ಶುರುವಾಯಿತು. ರೆಕಾರ್ಡಿಂಗಿನವನು ಕಿವಿಯ ಹೆಡ್‌ಫೋನು ತೆಗೆದು, ವೈರು ಅಲ್ಲಾಡಿಸಿ, ಮತ್ತೆ ಹಾಕಿಕೊಂಡ. ಮೂರು ಸಲ ಹಾಗೆ ಮಾಡಿದ ಮೇಲೆ ಸಂಕೋಚದಿಂದ, "ಅಕ್ಕಾರ, ಹಾಡು ಬಂಗಾರ ಆಗೈತ್ರಿ. ಮಾತು ಮಾತ್ರ ಬ್ಯಾರೆ ಯಾರರ ಹೇಳ್ಲಿ" ಎಂದ. ಎಸ್ತರ್ ನನ್ನ ಕಡೆ ನೋಡಿದಳು. "ರಂಗಕ್ಕ, ನೀವ ಓದಿಬಿಡ್ರಿ."

ಓದಿದೆ. ಅಗಳಿಯ ಶಾಲೆಯ ಪ್ರಾರ್ಥನೆಯಲ್ಲಿ ನಿಂತ ಹಾಗೆ ಬೆನ್ನು ನೆಟ್ಟಗೆ ಮಾಡಿ, ಪೂರ್ಣವಿರಾಮಕ್ಕೆ ಪೂರ್ಣವಾಗಿ ನಿಂತು ಓದಿದೆ. ರೆಕಾರ್ಡಿಂಗಿನವನು ಹೆಬ್ಬೆರಳು ಎತ್ತಿ ತೋರಿಸಿದ. ಅಂಥ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಆದರೆ ಆ ಹಾಳೆಯಲ್ಲಿ ಇದ್ದದ್ದೇನು? "ಪ್ರಿಯರೇ, ನಾನು ನಿಮ್ಮ ಎಸ್ತರ್. ಈ ಹಾಡನ್ನು ನನ್ನ ತಾಯಿ ನನಗೆ ಕಲಿಸಿದರು." ಎಸ್ತರಳಿಗೆಂದು ಬರೆದದ್ದು ಹಾಗೆಯೇ ತಾನೆ ಇರುತ್ತದೆ? ನಾನು ಅದನ್ನೇ, ಒಂದಕ್ಷರ ಬಿಡದೆ, ನಾನೇ ಎಸ್ತರ್ ಎಂದು ಓದಿಬಿಟ್ಟೆ. ಆಕೆಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಗೆರೆ ಎಳೆದ ಕಡೆ ಸೂಜಿ ಓಡಿಸಿ ರೂಢಿಯಾದವರು ನಾವು. ಬೇರೆ ಕಸುಬಿನವರಾಗಿದ್ದರೆ ಹೆಸರು ಬದಲಿಸಿಕೊಳ್ಳುತ್ತಿದ್ದರೇನೋ.

ಪೆನ್‌ಡ್ರೈವು ಆಟೋಗಳಿಗೆ ಹತ್ತಿತು, ಹಾಡುಗಳು ಫೋನಿನಿಂದ ಫೋನಿಗೆ ಹಾರಿದವು. ಬೊಮ್ಮನಹಾಳ್ ಕಡೆ ಗದ್ದೆಗೆ ಕೂಲಿ ಹೋಗುವ ಹೆಂಗಸರು ಕೇಳಿದರು, ಮಡಕಶಿರಾ ಕಡೆಯ ರತ್ನಗಿರಿಯಲ್ಲಿ ಕೇಳಿದರು, ನನ್ನ ಅಗಳಿಯಲ್ಲೂ ಕೇಳಿದರು. ಎಸ್ತರಳನ್ನು ನೋಡಲು ಜನ ನಮ್ಮ ಶೆಡ್ಡಿಗೇ ಬರತೊಡಗಿದರು. ಬಂದವರು ಕೈಮುಗಿದರೆ ಆಕೆ, "ಬರ್ರಿ, ಕುಂದರ್ರಿ" ಎನ್ನುತ್ತಿದ್ದಳು. ಬಂದವರ ಮುಖ ನೋಡಬೇಕಿತ್ತು. ಒಂದು ಗಳಿಗೆ ಗಾಬರಿ, ಆಮೇಲೆ ಮರುಕ.

"ಅಯ್ಯ, ನೆಗಡಿ ಆಗೈತೇನ್ರಿ?"

"ಹೌದ್ರಿ, ವಸಿ ನೆಗಡಿ" ಎಂದು ಎಸ್ತರ್ ತಲೆ ತಗ್ಗಿಸುತ್ತಿದ್ದಳು. ಬಂದವರ ಮನಸ್ಸು ನೋಯಬಾರದೆಂದು ಹೇಳಿದ ಮಾತು. ಮಾರನೆಯ ವಾರ ಅವರು ಜೇನುತುಪ್ಪ ಕಳಿಸುತ್ತಿದ್ದರು. ಇನ್ನೊಬ್ಬರು ಮೆಣಸು, ಮತ್ತೊಬ್ಬರು ತಾಟಿಬೆಲ್ಲ, ಒಣಶುಂಠಿ. ಎರಡು ವರ್ಷ, ಯಾರು ಯಾವಾಗ ಬಂದರೂ ಎಸ್ತರಮ್ಮನಿಗೆ ನೆಗಡಿ. ಆ ಪೊಟ್ಟಣಗಳೆಲ್ಲ ನನ್ನ ಕಣ್ಣ ಮುಂದೆಯೇ ಆಕೆಯ ಚೀಲಕ್ಕೆ ಇಳಿಯುತ್ತಿದ್ದವು.

ಹಾಡನ್ನು ಹೊಗಳಲಿ, ಅದು ಆಕೆಯದು. ಕಷ್ಟಪಟ್ಟಾದರೂ ನುಂಗಿಕೊಳ್ಳುತ್ತಿದ್ದೆ. ಆದರೆ ಜನ ಮಾತನ್ನೂ ಹೊಗಳುತ್ತಿದ್ದರು. ನನ್ನ ತಂಗಿ ಜಯ ಅಗಳಿಯಿಂದ ಫೋನು ಮಾಡಿ, "ಅಕ್ಕಾ, ಆವಮ್ಮ ನಿಮ್ಮ ಶೆಡ್ಡಲ್ಲೇ ಅವ್ರಂತಲ್ಲ? ಹಾಡು ಹಂಗಿರ್ಲಿ, ಆವಮ್ಮ ಮಾತಾಡೋದು ಕೇಳಿದ್ರೆ ಸಾಕು ಕಣಕ್ಕ, ಕಣ್ಣಾಗೆ ನೀರು ಬರ್ತದೆ" ಎಂದಳು.

"ಅದು ನಾನು ಕಣೇ ಮಾತಾಡಿರೋದು" ಎಂದೆ.

ಜಯ ಬಿದ್ದು ಬಿದ್ದು ನಕ್ಕಳು. "ನೀನಾ? ಹೋಗಕ್ಕಾ, ನಿನ್ ದನಿ ನಂಗೊತ್ತಿಲ್ವಾ?"

ಒಡಹುಟ್ಟಿದವಳು! ಒಂದೇ ಚಾಪೆಯ ಮೇಲೆ ಮಲಗಿ, ಬೇಳೆ ಕಟ್ಟಿದ ಕಾಗದದ ಸುದ್ದಿ ಕೇಳಿ ಬೆಳೆದವಳು. ಜಗತ್ತಿನಲ್ಲಿ ಮತ್ತೊಬ್ಬರ ದನಿಯ ಮೇಲೆ ಹೊಟ್ಟೆಕಿಚ್ಚು ಪಟ್ಟವರು ಬೇಕಾದಷ್ಟು ಜನ ಇದ್ದಾರು. ನನ್ನ ದನಿಯ ಮೇಲೆ ನಾನೇ ಹೊಟ್ಟೆಕಿಚ್ಚು ಪಟ್ಟೆ. ಪಕ್ಕದ ಮನೆಯಲ್ಲಿ ಆ ಪೆನ್‌ಡ್ರೈವು ಹಾಕಿದರೆ ಕಿಟಕಿ ಮುಚ್ಚುತ್ತಿದ್ದೆ.

ಕಳೆದ ಡಿಸೆಂಬರಿನಲ್ಲಿ ಮಡಕಶಿರಾದಿಂದ ಕರೆ ಬಂತು. ಅಲ್ಲಿನ ಕ್ರಿಸ್‌ಮಸ್ ಸಭೆಗೆ ಎಸ್ತರಮ್ಮನವರು ಬಂದು ಹಾಡಬೇಕು, ನಾಲ್ಕು ಮಾತೂ ಆಡಬೇಕು. ಎಸ್ತರ್ ಬೆವತುಹೋದಳು. "ಹಾಡ್ತೀನ್ರಿ ಅಕ್ಕಾ. ಮಾತು ನೀವ ಆಡ್ರಿ. ಇಬ್ರೂ ಕೂಡೇ ನಿಂತ್ಕಂಡು ಯಾರ ಮಾತು ಯಾರದಂತ ಹೇಳಿಬಿಡೋಣ. ನನಗೂ ಈ ನೆಗಡಿ ಸಾಕಾಗೈತಿ." ನಾನು ಒಪ್ಪಿದೆ. ಒಪ್ಪಿದ್ದಷ್ಟೇ ಏನು, ಜಯ ಆ ಸಭೆಗೆ ಬರುತ್ತಾಳೆಂದು ತಿಳಿದು ಹೊಸ ಸೀರೆಗೆ ಫಾಲ್ ಹಚ್ಚಿದೆ.

ಹೊರಡುವ ಹಿಂದಿನ ದಿನ ಫೋನಿಗೆ ಪೋಸ್ಟರು ಬಂತು. ಎಸ್ತರಳ ದೊಡ್ಡ ಫೋಟೋ. ಕೆಳಗೆ, "ಮಧುರ ಮಾತಿನ, ಮಧುರ ಕಂಠದ ಎಸ್ತರಮ್ಮ." ಮಾತು ಮೊದಲು, ಕಂಠ ಆಮೇಲೆ. ನನ್ನ ಹೆಸರು ಎಲ್ಲೂ ಇಲ್ಲ. ಅದನ್ನು ಮಾಡಿದವರಿಗೆ ನಾನೊಬ್ಬಳಿದ್ದೇನೆಂದು ಗೊತ್ತಿರಲು ಹೇಗೆ ಸಾಧ್ಯ? ಅದೆಲ್ಲ ಈಗ ಹೊಳೆಯುತ್ತದೆ. ಆಗ ಹೊಟ್ಟೆಯೊಳಗಿನ ಬೆಂಕಿ ತಲೆಗೆ ಹತ್ತಿತು. ಹೋಗಲಿ, ಒಬ್ಬಳೇ ಹೋಗಲಿ, ಮೈಕು ಹಿಡಿದು ಬಾಯಿ ಬಿಡಲಿ, ಮಧುರ ಮಾತು ಯಾರದೆಂದು ಮಡಕಶಿರಾಕ್ಕೆಲ್ಲ ತಿಳಿಯಲಿ.

ಎಸ್ತರ್ ಬಂದಾಗ ಗಂಟಲು ಹಿಡಿದುಕೊಂಡು ಪಿಸುಗುಟ್ಟಿದೆ. "ದನಿ ಹೋಗೈತೆ ಕಣೇ. ಮಾತೇ ಬರ್ತಿಲ್ಲ."

ಆಕೆಯ ಮುಖ ಬಾಡಿತು. ನನಗಾಗಿ ಬಾಡಿತು, ತನಗಾಗಿ ಅಲ್ಲ. ಬಿಸಿನೀರು ಕಾಯಿಸಿ ಕೊಟ್ಟು, ಶಾಲು ಸುತ್ತಿ, "ಮಾತಾಡಬ್ಯಾಡ್ರಿ, ಮಲಕ್ಕಳ್ರಿ" ಎಂದು ಹೋದಳು. ಸುಳ್ಳು ಹೇಳಿದ ಮೇಲೆ ನಡೆಸಬೇಕಲ್ಲ. ಎರಡು ದಿನ ಮನೆಯಲ್ಲಿ ಪಿಸುಮಾತೇ. ನನ್ನ ಗಂಡ ಅಷ್ಟು ನೆಮ್ಮದಿಯಾಗಿ ಊಟ ಮಾಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಸಭೆಯ ದಿನ ಮಧ್ಯಾಹ್ನ ಜೇಬು ಹೊಲಿಯುತ್ತ ಕೂತಿದ್ದೆ. ಈಗ ಮೈಕು ಹಿಡಿದಿರುತ್ತಾಳೆ, ಈಗ ಜನ ಮುಖ ಮುಖ ನೋಡಿಕೊಳ್ಳುತ್ತಿರುತ್ತಾರೆ ಎಂದು ಮನಸ್ಸಿನಲ್ಲೇ ಸಿನಿಮಾ ನಡೆಸುತ್ತ ನಾಲ್ಕು ಜೇಬು ತಿರುಗಾಮುರುಗಾ ಹೊಲಿದೆ. ಫೋನು ಬಂತು. ಜಯ. ಹಿಂದೆ ಜನರ ಗಲಗಲ.

"ಅಕ್ಕಾ! ಆವಮ್ಮ ಮಾತಾಡಿದ್ರು ಕಣಕ್ಕ. ಮೊದ್ಲು ಮೈಕು ಕೆಟ್ಟೈತೆ ಅಂದ್ಕಂಡ್ವಿ. ಆಮೇಲೆ ಆವಮ್ಮನೇ ಅಂದ್ರು, ಇದೇ ನನ್ನ ದನಿ, ನೆಗಡಿ ಗಿಗಡಿ ಏನೂ ಇಲ್ಲ, ನೀವು ಪೆನ್‌ಡ್ರೈವಲ್ಲಿ ಕೇಳೋ ಮಾತು ನಂದಲ್ಲ, ನಿಮ್ಮ ಅಗಳಿ ಹೆಣ್ಮಗಳು ರಂಗಕ್ಕಂದು ಅಂತ. ಎಲ್ರೂ ಚಪ್ಪಾಳೆ ತಟ್ಟಿದ್ರು ಕಣಕ್ಕ. ನಾನು ಎದ್ದು ನಿಂತು ಅದು ನಮ್ಮಕ್ಕ ಅಂದೆ." ಜಯ ಅಳುತ್ತಿದ್ದಳು. "ಆಮೇಲೆ, ಆಕಿಗೆ ಗಂಟ್ಲು ಕಟ್ಟೈತೆ, ಬರಾಕಾಗ್ಲಿಲ್ಲ, ಎಲ್ರೂ ಆಕಿ ಗಂಟ್ಲಿಗೆ ಪ್ರಾರ್ಥನೆ ಮಾಡ್ರಿ ಅಂದ್ರು. ಇಡೀ ಸಭೆ ಕಣ್ಮುಚ್ಚಿತು ಕಣಕ್ಕ. ನಾನೂ ಮುಚ್ಚಿದೆ. ಈಗ ತಾನೇ ಕಣ್ಬಿಟ್ಟು ನಿಂಗೆ ಫೋನ್ ಮಾಡಿದೆ. ಹೆಂಗೈತಕ್ಕ ಗಂಟ್ಲು?"

ಪಿಸುಗುಟ್ಟಬೇಕೆಂಬುದು ಮರೆತೇಹೋಯಿತು. "ನಿಜವಾಗ್ಲೂ ನನ್ನ ಹೆಸರು ಹೇಳಿದ್ಲಾ?" ಎಂದು ಕೇಳಿಬಿಟ್ಟೆ. ಗಂಟೆ ಬಾರಿಸಿದಂಥ ದನಿ.

ಜಯ ಫೋನು ದೂರ ಹಿಡಿದು ಕೂಗಿದಳು. "ಮಾತು ಬಂತು! ನಮ್ಮಕ್ಕಂಗೆ ಮಾತು ಬಂತು!" ಯಾರೋ "ಸ್ತೋತ್ರಂ" ಎಂದರು, ಚಪ್ಪಾಳೆ ಕೇಳಿಸಿತು, ಅದರ ಮೇಲೆ ಎಸ್ತರಳ ಹಾಡು ಎದ್ದಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹೆಸರು ಬೇಕೆಂದು ಎರಡು ವರ್ಷ ಕುದಿದೆ. ಹೆಸರು ಬಂದ ದಿನ ಹೊಸ ಸೀರೆ ಪೆಟ್ಟಿಗೆಯಲ್ಲಿತ್ತು, ನಾನು ಸುಳ್ಳು ಶಾಲು ಸುತ್ತಿಕೊಂಡು ಮನೆಯಲ್ಲಿದ್ದೆ.

ಮಾರನೆಯ ದಿನ ಎಸ್ತರ್ ಒಂದು ದೊಡ್ಡ ಚೀಲ ಹೊತ್ತು ತಂದು ನನ್ನ ಮುಂದೆ ಸುರಿದಳು. ಜೇನುತುಪ್ಪದ ಬಾಟಲಿಗಳು, ಮೆಣಸಿನ ಪೊಟ್ಟಣಗಳು, ಒಣಶುಂಠಿ, ತಾಟಿಬೆಲ್ಲದ ಉಂಡೆಗಳು. ಒಂದನ್ನೂ ಬಿಚ್ಚಿರಲಿಲ್ಲ. ಎರಡು ವರ್ಷದ ನೆಗಡಿಯೆಲ್ಲ ಅಲ್ಲಿತ್ತು.

"ಇವೆಲ್ಲ ನಿಮ್ಮ ಮಾತಿಗೆ ಜನ ಕೊಟ್ಟದ್ರಿ ಅಕ್ಕಾ. ನನ್ನದಲ್ಲದ್ದು ನಾ ಹೆಂಗ ತಿನ್ನಲಿ? ಹೆಂಗ ಕೊಡ್ಬೇಕೋ ಗೊತ್ತಾಗ್ಲಿಲ್ಲ. ಈಗ ನಿಮಗ ಬೇಕಾತು ನೋಡ್ರಿ."

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಅಷ್ಟು ಜನ ಕಣ್ಣು ಮುಚ್ಚಿ ಬೇಡಿದ್ದನ್ನು ಸುಳ್ಳು ಮಾಡುವುದು ಹೇಗೆ ಎಂದು ಒಂದು ನೆಪ ಹುಡುಕಿಕೊಂಡೆ. ಅಂದಿನಿಂದ ಜೇನುತುಪ್ಪ ನೆಕ್ಕುತ್ತಿದ್ದೇನೆ, ಕಷಾಯ ಕುಡಿಯುತ್ತಿದ್ದೇನೆ, ಬೆಲ್ಲ ಚೀಪುತ್ತಿದ್ದೇನೆ, ಗಂಟಲು ಕೆರೆಯುತ್ತಲೇ ಇದೆ. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡಿ, ಹೆಚ್ಚಾಗಿದೆ. ಹಾಡಿನಲ್ಲಿ ನನಗಿಂತ ಮುಂದಿದ್ದಳು, ಸರಿ. ಒಳ್ಳೆಯತನದಲ್ಲೂ ಮುಂದೆ ಹೋಗಿಬಿಟ್ಟಳಲ್ಲ, ಅದನ್ನು ಹೇಗೆ ಸಹಿಸಲಿ?

ಇದನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿರುವುದು ಧೈರ್ಯದಿಂದಲ್ಲ. ಎಸ್ತರಳಿಗೆ ಕನ್ನಡ ಓದಲು ಬಾರದು, ಅದೇ ಧೈರ್ಯ. ಆದರೆ ಈಗ ತಾನೇ ಆಕೆ ಕಾಜ ಹಾಕುವುದನ್ನು ನಿಲ್ಲಿಸಿ ಇತ್ತ ನೋಡಿದಳು.

"ಏನ್ ಬರೀತೀರಿ ಅಕ್ಕಾ, ಬೆಳಿಗ್ಗಿಂದ?"

"ನಿನ್ನ ಹಾಡಿನ ಬಗ್ಗೆ" ಎಂದೆ, ಮಿಷನ್ನುಗಳ ಸದ್ದಿಗೆ ಕೇಳದಿರಲಿ ಎಂದು ಮೆಲ್ಲಗೆ.

ತುಟಿ ನೋಡಿಯೇ ತಿಳಿದುಕೊಂಡಳು. ಮರಳು ದನಿಯಲ್ಲಿ ನಕ್ಕು, "ಹಂಗಾರ ಓದ್ರಿ. ನಿಮ್ಮ ಬಾಯಾಗ ಕೇಳಬೇಕು ನಾನು" ಎಂದಳು. ಉಳಿದವರಿಗೆ ಕೈಸನ್ನೆ ಮಾಡಿದಳು. ಒಂದೊಂದಾಗಿ ಉಳಿದ ಮಿಷನ್ನುಗಳೂ ನಿಂತವು. ಆಕೆ ಗಲ್ಲಕ್ಕೆ ಕೈ ಕೊಟ್ಟು ಕೂತಳು.

ಹಾಳೆ ಕೈಗೆತ್ತಿಕೊಂಡು ಗಂಟಲು ಸರಿಮಾಡಿಕೊಂಡೆ.